ಕಸದ ರಾಶಿಯ ಇಳಿಜಾರು ಮತ್ತು ಕುಗ್ಗುವಿಕೆ: ಗ್ರಾಮ ಪಂಚಾಯತಿ ಸದಸ್ಯರಿಗೆ ಒಂದು ಅಧ್ಯಯನ ಪಾಠ

1. ಪಾಠದ ಉದ್ದೇಶ

ಗ್ರಾಮ ಪಂಚಾಯತಿಯ ಸಭೆಯಲ್ಲಿ ಕಸದ ವಿಷಯ ಬಂದಾಗ ಚರ್ಚೆಯು ಸಾಮಾನ್ಯವಾಗಿ ದುರ್ವಾಸನೆ, ನೊಣ, ಬೀದಿನಾಯಿಗಳ ಕಾಟ ಹಾಗೂ ಕೊಳವೆಬಾವಿಯ ನೀರು ಕೆಡುವುದರ ಸುತ್ತ ನಡೆಯುತ್ತದೆ. ಇವೆಲ್ಲವೂ ನ್ಯಾಯವಾದ ಆತಂಕಗಳೇ. ಆದರೆ ರಾಶಿಯು ಆಳೆತ್ತರವನ್ನು ದಾಟಿ ಬೆಳೆದ ಮೇಲೆ ಇನ್ನೊಂದು ಪ್ರಶ್ನೆಯೂ ಏಳುತ್ತದೆ: ಅದು ನಿಂತಲ್ಲಿಯೇ ನಿಲ್ಲುವುದೇ?

ನಗರದ ಕಸ ಗ್ರಾಮದ ಗಡಿಯೊಳಗೆ ಬೆಟ್ಟವಾಗುವುದು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಕಸವನ್ನು ಮಾವಳ್ಳಿಪುರ ಮತ್ತು ಮಂಡೂರಿನಲ್ಲಿ ವರ್ಷಗಳ ಕಾಲ ಸುರಿಯಲಾಯಿತು. ಗ್ರಾಮಸ್ಥರ ವಿರೋಧದ ನಂತರ ಸುರಿಯುವುದು ಮಾವಳ್ಳಿಪುರದಲ್ಲಿ 2012ರಲ್ಲಿಯೂ ಮಂಡೂರಿನಲ್ಲಿ 2014ರ ಕೊನೆಗೂ ನಿಂತಿತು. ಲಾರಿಗಳು ನಿಂತವು, ರಾಶಿಗಳು ಉಳಿದವು. ಇದಲ್ಲದೆ ಹಳೆಯ ಕಲ್ಲುಕ್ವಾರಿ, ಹಳ್ಳದ ಅಂಚು, ಕೆರೆಯ ಹಿನ್ನೀರಿನ ತಗ್ಗುಗಳಲ್ಲಿ ಪಂಚಾಯತಿಗಳೇ ಸುರಿದ ಚಿಕ್ಕ ರಾಶಿಗಳೂ ಇವೆ.

ಕಸದ ರಾಶಿಗೆ ಎರಡು ಬಗೆಯ ಚಲನೆಗಳುಂಟು. ಒಂದು, ಕೊಳೆತು ಭಾರಕ್ಕೆ ಕೆಳಕ್ಕೆ ಇಳಿಯುವ ಕುಗ್ಗುವಿಕೆ. ಇನ್ನೊಂದು, ಇಳಿಜಾರಿನ ಒಂದು ಭಾಗವು ಕಳಚಿಕೊಂಡು ಹೊರಕ್ಕೆ ಹರಿಯುವ ಜಾರುವಿಕೆ. ಮೊದಲನೆಯದು ಎಲ್ಲ ರಾಶಿಗಳ ಸಹಜ ಧರ್ಮ; ಎರಡನೆಯದು ಪ್ರಾಣಾಪಾಯ. ಈ ಎರಡನ್ನೂ ಬೇರ್ಪಡಿಸಿ ನೋಡುವ ಶಕ್ತಿ ಸದಸ್ಯರಿಗೆ ಬರಬೇಕೆಂಬುದೇ ಈ ಪಾಠದ ಉದ್ದೇಶ.

2. ಒಂದು ದುರಂತದ ಅಧ್ಯಯನ: ಲೆವಿಗಾಜಾ, 2005

ಇಂಡೋನೇಷ್ಯಾದ ಬಾಂಡುಂಗ್ ನಗರದ ಸಮೀಪ ಲೆವಿಗಾಜಾ ಎಂಬಲ್ಲಿ ಕಣಿವೆಯೊಂದರ ಮೇಲ್ಭಾಗದಲ್ಲಿ ಕಸವನ್ನು ಸುರಿಯಲಾಗುತ್ತಿತ್ತು. ಅದನ್ನು ಪದರ ಪದರವಾಗಿ ಹರಡಿ ಒತ್ತಿ ಗಟ್ಟಿಮಾಡುವ ಕ್ರಮವಿರಲಿಲ್ಲ. ಕಣಿವೆಯ ಕೆಳಭಾಗದಲ್ಲಿ ವಸತಿಗಳಿದ್ದವು. ಮೂರು ದಿನಗಳ ಭಾರಿ ಮಳೆಯ ನಂತರ, 2005ರ ಫೆಬ್ರುವರಿ 21ರ ನಸುಕಿನಲ್ಲಿ, ಜನರು ನಿದ್ರೆಯಲ್ಲಿದ್ದಾಗ ರಾಶಿ ಜಾರಿತು. ಸುಮಾರು 27 ಲಕ್ಷ ಘನ ಮೀಟರ್ ಕಸವು ಕಣಿವೆಯುದ್ದಕ್ಕೂ ಸುಮಾರು 1 ಕಿಲೋಮೀಟರ್ ದೂರ ಹರಿಯಿತು. 140ಕ್ಕೂ ಹೆಚ್ಚು ಜನರು ಮೃತಪಟ್ಟರು.

ನಂತರ ನಡೆದ ಎಂಜಿನಿಯರಿಂಗ್ ವಿಶ್ಲೇಷಣೆಯು ಎರಡು ಕಾರಣಗಳನ್ನು ಮುಂದಿಟ್ಟಿತು. ಮೊದಲನೆಯದು, ರಾಶಿಯ ಕೆಳಗಿನ ಮೆದು ನೆಲದಲ್ಲಿ ಏರಿದ ನೀರಿನ ಒತ್ತಡ. ಎರಡನೆಯದು, ರಾಶಿಯ ಒಳಗೆ ಬಹುಕಾಲ ಹೊಗೆಯಾಡುತ್ತಿದ್ದ ಬೆಂಕಿ. ಕಸದಲ್ಲಿರುವ ಪ್ಲಾಸ್ಟಿಕ್, ಬಟ್ಟೆ, ನಾರುಗಳು ಮಣ್ಣಿನ ಗೋಡೆಗೆ ಬೆರೆಸಿದ ಹುಲ್ಲಿನಂತೆ ರಾಶಿಯನ್ನು ಹಿಡಿದಿಟ್ಟಿರುತ್ತವೆ. ಆ ಹಿಡಿತವನ್ನು ಬೆಂಕಿ ಒಳಗೊಳಗೇ ಸುಟ್ಟಿತ್ತು. ಇಂಡೋನೇಷ್ಯಾ 2008ರಲ್ಲಿ ತ್ಯಾಜ್ಯ ನಿರ್ವಹಣೆಗೆ ಪ್ರತ್ಯೇಕ ಕಾನೂನನ್ನು ತಂದಿತು. ಫೆಬ್ರುವರಿ 21ನ್ನು ಆ ದೇಶವು ಕಸದ ಕುರಿತ ಜಾಗೃತಿಯ ದಿನವಾಗಿ ಆಚರಿಸುತ್ತದೆ.

ಇದು ಒಂಟಿ ಘಟನೆಯಲ್ಲ. ಫಿಲಿಪೀನ್ಸ್‌ನ ಪಯಾಟಾಸ್‌ನಲ್ಲಿ 2000ದ ಜುಲೈ 10ರಂದು, ಮಳೆಯ ನಂತರ ಜಾರಿದ ರಾಶಿ 200ಕ್ಕೂ ಹೆಚ್ಚು ಜನರನ್ನು ಬಲಿ ಪಡೆಯಿತು. ದೆಹಲಿಯ ಘಾಜಿಪುರದಲ್ಲಿ 2017ರ ಸೆಪ್ಟೆಂಬರ್ 1ರಂದು ರಾಶಿಯ ಒಂದು ಭಾಗ ಕುಸಿದು, ರಸ್ತೆಯಲ್ಲಿದ್ದ ವಾಹನಗಳನ್ನು ಪಕ್ಕದ ಕಾಲುವೆಗೆ ತಳ್ಳಿತು, ಇಬ್ಬರು ಮೃತಪಟ್ಟರು. ಊರುಗಳು ಬೇರೆ, ದೇಶಗಳು ಬೇರೆ. ಆದರೆ ಎತ್ತರ, ಕಡಿದಾದ ಇಳಿಜಾರು ಮತ್ತು ನೀರು ಮತ್ತೆ ಮತ್ತೆ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ.

3. ರಾಶಿ ನಿಲ್ಲುವುದು ಹೇಗೆ

ಕಣದಲ್ಲಿ ರಾಗಿಯನ್ನು ರಾಶಿ ಹಾಕಿದಾಗ ಅದು ಒಂದು ಕೋನಕ್ಕಿಂತ ಕಡಿದಾಗಿ ನಿಲ್ಲುವುದಿಲ್ಲ. ಮೇಲೆ ಸುರಿದದ್ದು ಪಕ್ಕಕ್ಕೆ ಉರುಳುತ್ತದೆ. ಕಾಳುಗಳ ನಡುವಿನ ಘರ್ಷಣೆಯೇ ಆ ಕೋನವನ್ನು ನಿರ್ಧರಿಸುತ್ತದೆ. ಕಸದಲ್ಲಿ ಘರ್ಷಣೆಯ ಜೊತೆಗೆ ನಾರು, ಪ್ಲಾಸ್ಟಿಕ್‌ಗಳ ಹೆಣಿಗೆಯೂ ಇರುತ್ತದೆ. ಆದ್ದರಿಂದಲೇ ಜೆಸಿಬಿಯಿಂದ ಗೋಡೆಯಂತೆ ನೇರವಾಗಿ ಕತ್ತರಿಸಿದ ಕಸವೂ ಕೆಲವು ಕಾಲ ನಿಂತಿರುತ್ತದೆ. ಹಾಗೆ ನಿಂತಿರುವುದನ್ನು ಕಂಡು ಅದು ಭದ್ರವಾಗಿದೆಯೆಂದು ತಿಳಿಯುವುದು ಅಪಾಯಕಾರಿ. ನಾರು ಕೊಳೆಯಬಹುದು, ಸುಡಬಹುದು, ಮಳೆ ಒಳಗಿಳಿಯಬಹುದು. ಇಂದು ನಿಂತ ಗೋಡೆ ನಾಳೆಗೆ ಜಾಮೀನಲ್ಲ.

ಇಳಿಜಾರಿನ ಭದ್ರತೆಯನ್ನು ಎಂಜಿನಿಯರುಗಳು ಒಂದು ಸಂಖ್ಯೆಯಲ್ಲಿ ಹೇಳುತ್ತಾರೆ. ಅದಕ್ಕೆ ಸುರಕ್ಷತಾ ಗುಣಾಂಕವೆಂದು ಹೆಸರು. ಜಾರದಂತೆ ತಡೆಯುವ ಬಲವನ್ನು ಜಾರಿಸುವ ಬಲದಿಂದ ಭಾಗಿಸಿದರೆ ಅದು ದೊರೆಯುತ್ತದೆ. ಗುಣಾಂಕ 1 ಎಂದರೆ ಎರಡೂ ಬಲಗಳು ಸರಿಸಮ. ರಾಶಿ ಜಾರುವ ಅಂಚಿನಲ್ಲಿದೆ. ದೀರ್ಘಕಾಲ ನಿಲ್ಲಬೇಕಾದ ಇಳಿಜಾರಿಗೆ ಸಾಮಾನ್ಯವಾಗಿ 1.5ರಷ್ಟು ಗುಣಾಂಕವನ್ನು ಅಪೇಕ್ಷಿಸಲಾಗುತ್ತದೆ. ಯೋಜನಾ ವರದಿಯಲ್ಲಿ ಸದಸ್ಯರು ಮೊದಲು ಹುಡುಕಬೇಕಾದ ಸಂಖ್ಯೆ ಇದೇ.

ಒಂದು ಸರಳ ಲೆಕ್ಕವನ್ನು ನೋಡಬಹುದು. ಕಸದ ಘರ್ಷಣ ಕೋನ 30 ಡಿಗ್ರಿ ಎಂದೂ, ಜಾರುವ ಪದರವು ಇಳಿಜಾರಿಗೆ ಸಮಾನಾಂತರವಾಗಿದೆ ಎಂದೂ, ನಾರುಗಳ ಹಿಡಿತವನ್ನು ನಂಬದೆ ಬಿಡಲಾಗಿದೆ ಎಂದೂ ಇಟ್ಟುಕೊಳ್ಳೋಣ. ಒಳಗೆ ನೀರಿನ ಒತ್ತಡವಿಲ್ಲದಿದ್ದರೆ ಫಲಿತಾಂಶ ಹೀಗಿರುತ್ತದೆ:

ಅ) 1 ಮೀಟರ್ ಎತ್ತರಕ್ಕೆ 3 ಮೀಟರ್ ಅಡ್ಡಳತೆ ಬಿಟ್ಟ ಇಳಿಜಾರು: ಗುಣಾಂಕ ಸುಮಾರು 1.73.
ಆ) 1 ಮೀಟರ್ ಎತ್ತರಕ್ಕೆ 2 ಮೀಟರ್ ಅಡ್ಡಳತೆ ಬಿಟ್ಟ ಇಳಿಜಾರು: ಗುಣಾಂಕ ಸುಮಾರು 1.15.
ಇ) 1 ಮೀಟರ್ ಎತ್ತರಕ್ಕೆ ಒಂದೂವರೆ ಮೀಟರ್ ಮಾತ್ರ ಬಿಟ್ಟ ಇಳಿಜಾರು: ಗುಣಾಂಕ ಸುಮಾರು 0.87.

ಅಂದರೆ ಮೂರನೆಯ ರಾಶಿಯು ಕೇವಲ ಘರ್ಷಣೆಯ ಬಲದಿಂದ ನಿಲ್ಲಲಾರದು. ನಿಂತಿದ್ದರೆ ನಾರುಗಳ ಹೆಣಿಗೆಯ ಸಾಲದ ಮೇಲೆ ನಿಂತಿದೆ. ಎತ್ತರಕ್ಕೆ ಮೂರು ಪಟ್ಟು ಅಡ್ಡಳತೆ ಬಿಡಿ ಎಂದು ಎಂಜಿನಿಯರು ಹೇಳಿದಾಗ ಜಾಗ ವ್ಯರ್ಥವಾಗುತ್ತದೆ ಎಂಬ ಆಕ್ಷೇಪ ಬರುವುದುಂಟು. ಆ ಜಾಗವೇ ರಾಶಿಯ ಭದ್ರತೆಯ ಬೆಲೆ.

4. ನೀರಿನ ಪಾತ್ರ

ರಾಶಿಯೊಳಗಿನ ನೀರು ಕಸದ ಕಣಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ. ಕಣಗಳು ಒಂದನ್ನೊಂದು ಒತ್ತಿದರೆ ಮಾತ್ರ ಘರ್ಷಣೆ ಹುಟ್ಟುತ್ತದೆ. ಒತ್ತುವಿಕೆ ಕಡಿಮೆಯಾದಷ್ಟೂ ಘರ್ಷಣೆ ಕಡಿಮೆ. ಮಣ್ಣಿಗಿಂತ ಕಸದಲ್ಲಿ ಈ ಪರಿಣಾಮ ತೀವ್ರ. ಒಂದು ಘನ ಮೀಟರ್ ಗಟ್ಟಿ ಮಣ್ಣು 1,800 ಕಿಲೋಗ್ರಾಂನಷ್ಟು ತೂಗಿದರೆ, ಕಸವು ಬಹುತೇಕ ಅಷ್ಟೇ ಗಾತ್ರದ ನೀರಿನಷ್ಟು, ಅಂದರೆ 1,000 ಕಿಲೋಗ್ರಾಂನಷ್ಟು ಅಥವಾ ಅದಕ್ಕಿಂತಲೂ ಕಡಿಮೆ ತೂಗುತ್ತದೆ. ಇಷ್ಟು ಹಗುರವಾದ ರಾಶಿಯಲ್ಲಿ ನೀರು ನಿಂತರೆ, ಭಾರದ ದೊಡ್ಡ ಪಾಲನ್ನು ನೀರೇ ಹೊತ್ತುಬಿಡುತ್ತದೆ. ಕಸ ತೇಲುವಂತಾಗುತ್ತದೆ.

ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ, 1.73 ಗುಣಾಂಕವಿದ್ದ ಸೌಮ್ಯ ಇಳಿಜಾರಿನಲ್ಲಿ ಮೇಲಿನ ಭಾರದ ಹತ್ತರಲ್ಲಿ ಮೂರು ಪಾಲನ್ನು ನೀರಿನ ಒತ್ತಡ ಹೊತ್ತಾಗ ಗುಣಾಂಕ ಸುಮಾರು 1.15ಕ್ಕೆ ಇಳಿಯುತ್ತದೆ. ಹತ್ತರಲ್ಲಿ ಐದು ಪಾಲನ್ನು ಹೊತ್ತಾಗ 0.77ಕ್ಕೆ ಬೀಳುತ್ತದೆ. ಇಳಿಜಾರಿನ ಆಕಾರ ಎಳ್ಳಷ್ಟೂ ಬದಲಾಗಿಲ್ಲ. ಒಳಗಿನ ನೀರು ಮಾತ್ರ ಬದಲಾಗಿದೆ. ಬೇಸಿಗೆಯಲ್ಲಿ ಭದ್ರವಾಗಿ ಕಂಡ ರಾಶಿ ಮಳೆಗಾಲದಲ್ಲಿ ಜಾರುವುದರ ಗುಟ್ಟು ಇದು.

ನೀರಿನ ಪ್ರಮಾಣವನ್ನೂ ಅಂದಾಜು ಮಾಡಬಹುದು. 1 ಎಕರೆಯ ಮೇಲೆ 1 ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು. ವರ್ಷಕ್ಕೆ 70 ಸೆಂಟಿಮೀಟರ್ ಮಳೆ ಬೀಳುವ ಪ್ರದೇಶದಲ್ಲಿ ಅದು 28 ಲಕ್ಷ ಲೀಟರ್ ಆಗುತ್ತದೆ. ಇದರ ಕಾಲು ಭಾಗ ಒಳಗಿಳಿದರೂ 7 ಲಕ್ಷ ಲೀಟರ್ ನೀರು ರಾಶಿಯನ್ನು ಸೇರಿತು. ಅದು ಲೀಚೇಟ್ ಎಂದು ಕರೆಯಲಾಗುವ ಕಪ್ಪು ರಸವಾಗಿ ಹೊರಬರಲು ತಳದಲ್ಲಿ ದಾರಿಯಿರಬೇಕು. ದಾರಿ ಮುಚ್ಚಿದರೆ ಒತ್ತಡ ಏರುತ್ತದೆ. ಕೊಲಂಬಿಯಾದ ಬೊಗೊಟಾ ನಗರದ ದೋನ್ಯ ಹ್ವಾನಾ ಭೂಭರ್ತಿ ತಾಣದಲ್ಲಿ ಈ ರಸವನ್ನು ಮತ್ತೆ ರಾಶಿಗೇ ಪಂಪ್ ಮಾಡಲಾಗುತ್ತಿತ್ತು. 1997ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಸುಮಾರು 8 ಲಕ್ಷ ಘನ ಮೀಟರ್ ಕಸ ಜಾರಿತು.

ಕೆರೆಯ ಏರಿಯ ಹಿಂಬದಿಯಲ್ಲಿ ಜಿನುಗು ಕಂಡರೆ ಗ್ರಾಮಸ್ಥರು ಕೂಡಲೇ ಎಚ್ಚೆತ್ತುಕೊಳ್ಳುತ್ತಾರೆ. ಕಸದ ರಾಶಿಯ ಪಕ್ಕೆಯಲ್ಲಿ ಕಪ್ಪು ರಸ ಜಿನುಗುವುದನ್ನೂ ಅದೇ ಕಣ್ಣಿನಿಂದ ನೋಡತಕ್ಕದ್ದು.

5. ತಳದ ನೆಲ

ರಾಶಿ ಗಟ್ಟಿಯಾಗಿದ್ದರೂ ಅದರ ಕೆಳಗಿನ ನೆಲ ಸೋಲಬಹುದು. ಶ್ರೀಲಂಕಾದ ಕೊಲಂಬೊ ಬಳಿಯ ಮೀತೊಟಮುಲ್ಲದಲ್ಲಿ ತಗ್ಗಾದ ಜೌಗು ನೆಲದ ಮೇಲೆ ಕಸವನ್ನು ಪೇರಿಸಲಾಗಿತ್ತು. 2017ರ ಏಪ್ರಿಲ್ 14ರಂದು, ಹೊಸ ವರ್ಷದ ಹಬ್ಬದ ದಿನವೇ, ಅದು ಕುಸಿದು 30ಕ್ಕೂ ಹೆಚ್ಚು ಜನರು ಮೃತಪಟ್ಟರು. ಮೆದು ಜೇಡಿಯ ಮೇಲೆ ಭಾರ ಹೆಚ್ಚಿದಾಗ ಅದರೊಳಗಿನ ನೀರಿಗೆ ಹೊರಹೋಗಲು ಸಮಯ ಸಾಲದು. ನೆಲವು ಭಾರವನ್ನು ತಾಳಲಾರದೆ ಪಕ್ಕಕ್ಕೆ ಸರಿಯುತ್ತದೆ, ರಾಶಿಯ ಬುಡದಾಚೆಯ ಜಮೀನು ಉಬ್ಬುತ್ತದೆ.

ಈ ಕಾರಣಕ್ಕೆ ಕೆರೆಯಂಗಳ, ಹಳ್ಳದ ಪಾತ್ರ, ಗದ್ದೆಬಯಲಿನ ತಗ್ಗು, ಇವು ಯಾರೂ ಬಳಸದ ಜಾಗಗಳಾಗಿ ಕಂಡರೂ ಕಸಕ್ಕೆ ಅತ್ಯಂತ ಕೆಟ್ಟ ಜಾಗಗಳು. ಕ್ವಾರಿಯ ಗುಂಡಿಯಲ್ಲಿ ತಳ ಗಟ್ಟಿಯಿದ್ದರೂ ನೀರು ಹೊರಹೋಗುವ ದಾರಿಯಿರುವುದಿಲ್ಲ ಎಂಬುದನ್ನು ಮರೆಯುವಂತಿಲ್ಲ.

6. ಕುಗ್ಗುವಿಕೆಯ ಲೆಕ್ಕ

ಮನೆಯ ಹಿತ್ತಲಿನ ತಿಪ್ಪೆ ಎಷ್ಟೇ ಎತ್ತರ ಪೇರಿಸಿದರೂ ಮಳೆಗಾಲ ಕಳೆಯುವ ಹೊತ್ತಿಗೆ ಇಳಿದಿರುವುದನ್ನು ಎಲ್ಲ ರೈತರೂ ಬಲ್ಲರು. ಕಸದ ರಾಶಿಯಲ್ಲಿ ನಡೆಯುವುದೂ ಅದೇ. ಮೊದಲ ಕೆಲವು ತಿಂಗಳಲ್ಲಿ ಭಾರಕ್ಕೆ ಸಿಲುಕಿ ಪೊಳ್ಳುಗಳು ಮುಚ್ಚುತ್ತವೆ. ಈ ಇಳಿತ ವೇಗವಾದುದು. ನಂತರ ಹಸಿ ಕಸ ಕೊಳೆತು ಅನಿಲವಾಗಿಯೂ ರಸವಾಗಿಯೂ ಹೊರಹೋಗುತ್ತದೆ. ಈ ಇಳಿತ ದಶಕಗಳ ಕಾಲ ನಡೆಯುತ್ತದೆ. ಒಟ್ಟು ಕುಗ್ಗುವಿಕೆ ಮೂಲ ಎತ್ತರದ ಹತ್ತರಲ್ಲಿ ಒಂದು ಭಾಗದಿಂದ ಮೂರರಲ್ಲಿ ಒಂದು ಭಾಗದವರೆಗೂ ಇರಬಹುದು. ಹಸಿ ಕಸ ಹೆಚ್ಚಿದ್ದು, ಒತ್ತದೆ ಸುರಿದ ರಾಶಿಯಲ್ಲಿ ಇದು ಹೆಚ್ಚು.

ಎರಡನೆಯ ಹಂತದ ಲೆಕ್ಕಕ್ಕೆ ಒಂದು ವಿಶೇಷ ಗುಣವಿದೆ: ಕಾಲ ಹತ್ತು ಪಟ್ಟಾದಾಗಲೆಲ್ಲ ಇಳಿತದ ಅಳತೆ ಸರಿಸುಮಾರು ಒಂದೇ. ಉದಾಹರಣೆಗೆ, 10 ಮೀಟರ್ ಎತ್ತರದ ರಾಶಿಯು ಇಂಥ ಪ್ರತಿಯೊಂದು ಹಂತದಲ್ಲಿ ಎತ್ತರದ ಶೇ. 5ರಷ್ಟು ಇಳಿಯುವುದೆಂದು ಇಟ್ಟುಕೊಂಡರೆ, ಒಂದನೆಯ ವರ್ಷದಿಂದ ಹತ್ತನೆಯ ವರ್ಷದೊಳಗೆ ಅರ್ಧ ಮೀಟರ್ ಇಳಿಯುತ್ತದೆ. ಮುಂದಿನ ಅರ್ಧ ಮೀಟರ್ ಇಳಿಯಲು ನೂರನೆಯ ವರ್ಷದವರೆಗೂ ಬೇಕಾಗುತ್ತದೆ. ಕುಗ್ಗುವಿಕೆ ನಿಲ್ಲುವುದಿಲ್ಲ, ಆದರೆ ವರ್ಷದಿಂದ ವರ್ಷಕ್ಕೆ ನಿಧಾನವಾಗುತ್ತದೆ.

ಇಡೀ ರಾಶಿ ಸಮನಾಗಿ ಇಳಿದರೆ ತೊಂದರೆ ಕಡಿಮೆ. ಆದರೆ ಒಂದೆಡೆ ಕಟ್ಟಡದ ಅವಶೇಷ, ಇನ್ನೊಂದೆಡೆ ಮಾರುಕಟ್ಟೆಯ ಹಸಿ ಕಸ ಬಿದ್ದಿರುತ್ತದೆ. ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಈ ಅಸಮ ಇಳಿತದಿಂದ ಮೇಲೆ ಕಟ್ಟಿದ ಗೋಡೆ ಬಿರುಕು ಬಿಡುತ್ತದೆ, ಪೈಪುಗಳು ಮುರಿಯುತ್ತವೆ. ಮುಚ್ಚಿದ ಮಣ್ಣಿನ ಪದರ ಸೀಳುತ್ತದೆ, ತಗ್ಗುಗಳಲ್ಲಿ ಮಳೆನೀರು ನಿಲ್ಲುತ್ತದೆ, ನಿಂತ ನೀರು ಸೀಳುಗಳ ಮೂಲಕ ಒಳಗಿಳಿಯುತ್ತದೆ. ಇಲ್ಲಿಯೇ ಕುಗ್ಗುವಿಕೆಯು ಜಾರುವಿಕೆಗೆ ದಾರಿ ಮಾಡಿಕೊಡುತ್ತದೆ. ರಾಶಿಯ ನೆತ್ತಿಯ ಮೇಲಿನ ತಗ್ಗನ್ನು ಮಳೆಗೆ ಮುನ್ನ ಮಣ್ಣಿನಿಂದ ತುಂಬಿ ಇಳುಕಲು ಕೊಡುವುದು ಚಿಕ್ಕ ಕೆಲಸವಾಗಿ ಕಂಡರೂ ಜೀವ ಉಳಿಸುವ ಕೆಲಸ.

7. ಎರಡು ಚಲನೆಗಳನ್ನು ಗುರುತಿಸುವ ಬಗೆ

ಕುಗ್ಗುವ ರಾಶಿ ಮುಖ್ಯವಾಗಿ ಕೆಳಕ್ಕೆ ಇಳಿಯುತ್ತದೆ, ದಿನ ಕಳೆದಂತೆ ನಿಧಾನವಾಗುತ್ತದೆ. ಜಾರಲಿರುವ ರಾಶಿ ಹೊರಕ್ಕೆ ಸರಿಯುತ್ತದೆ, ದಿನ ಕಳೆದಂತೆ ವೇಗ ಪಡೆಯುತ್ತದೆ. ಈ ಒಂದು ವ್ಯತ್ಯಾಸವನ್ನು ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ನೆತ್ತಿಯ ಬಿರುಕಿನ ಎರಡೂ ಬದಿಗೆ ಗೂಟ ನೆಟ್ಟು, ನಡುವಿನ ಅಂತರವನ್ನು ಟೇಪಿನಿಂದ ಅಳೆದು, ದಿನಾಂಕದೊಂದಿಗೆ ಪುಸ್ತಕದಲ್ಲಿ ಬರೆಯುವುದು ಮೊದಲ ಹೆಜ್ಜೆ. ರಾಶಿಯ ಹೊರಗಿನ ಗಟ್ಟಿ ನೆಲದಲ್ಲಿ ಒಂದು ಸ್ಥಿರ ಕಲ್ಲನ್ನು ನೆಟ್ಟು, ಅದಕ್ಕೆ ಹೋಲಿಸಿ ನೆತ್ತಿಯ ಮಟ್ಟವನ್ನು ಮಳೆಗಾಲದ ಮುನ್ನ ಹಾಗೂ ನಂತರ ಎಂಜಿನಿಯರಿಂದ ಅಳೆಸುವುದು ಎರಡನೆಯ ಹೆಜ್ಜೆ.

ಅಂತರವು ವಾರಕ್ಕೆ 3, ನಂತರ 2, ನಂತರ 1 ಸೆಂಟಿಮೀಟರ್‌ನಂತೆ ಹೆಚ್ಚುತ್ತಿದ್ದರೆ ಚಲನೆ ತಣಿಯುತ್ತಿದೆ ಎಂದರ್ಥ. ಅದೇ 1, ನಂತರ 2, ನಂತರ 5 ಎಂದು ಏರುತ್ತಿದ್ದರೆ ಕಾಯುವ ಕಾಲ ಮುಗಿದಿದೆ. ರಾಶಿಯ ಮೇಲೆ ಹಾಗೂ ಬುಡದಲ್ಲಿ ಇರುವ ಎಲ್ಲರನ್ನೂ ತೆರವುಗೊಳಿಸಿ ತಹಶೀಲ್ದಾರರಿಗೂ ತಾಲ್ಲೂಕು ಪಂಚಾಯತಿಗೂ ತಕ್ಷಣ ತಿಳಿಸತಕ್ಕದ್ದು. ನೆತ್ತಿಯಲ್ಲಿ ಬಿಲ್ಲಿನಾಕಾರದ ಬಿರುಕು, ಬುಡದಲ್ಲಿ ಉಬ್ಬು, ವಾಲಿದ ಬೇಲಿ ಕಂಬ ಅಥವಾ ಮರ, ಹೊಸದಾಗಿ ಕಂಡ ಜಿನುಗು, ಮಳೆ ಬಂದರೂ ಲೀಚೇಟ್ ಹರಿವು ದಿಢೀರನೆ ನಿಂತುಹೋಗುವುದು, ಇವೂ ಎಚ್ಚರಿಕೆಯ ಚಿಹ್ನೆಗಳೇ. ಇವನ್ನು ಮೊದಲು ಕಾಣುವವರು ಚಿಂದಿ ಆಯುವವರು, ಕಸದ ವಾಹನದ ಸಿಬ್ಬಂದಿ ಹಾಗೂ ದನ ಮೇಯಿಸುವವರು. ಅವರ ಮಾತನ್ನು ದಾಖಲಿಸುವ ವ್ಯವಸ್ಥೆ ಪಂಚಾಯತಿಯಲ್ಲಿರಬೇಕು.

8. ಸದಸ್ಯರು ನಿರ್ಣಯ ಕೈಗೊಳ್ಳುವಾಗ

ಸ್ಥಳದ ಆಯ್ಕೆಯಲ್ಲಿ: 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಅನುಸೂಚಿಯು ಭೂಭರ್ತಿ ತಾಣವು ನದಿಯಿಂದ 100 ಮೀಟರ್, ಕೆರೆಕಟ್ಟೆಗಳಿಂದ 200 ಮೀಟರ್, ಹೆದ್ದಾರಿ, ವಸತಿ ಹಾಗೂ ಕುಡಿಯುವ ನೀರಿನ ಬಾವಿಗಳಿಂದ 200 ಮೀಟರ್ ದೂರವಿರಬೇಕೆಂದು ಹೇಳಿತ್ತು. ಅದು ಕನಿಷ್ಠ ಅಂತರವಾಗಿತ್ತು. ಕಣಿವೆಯ ಮೇಲ್ಭಾಗದಲ್ಲಿ ರಾಶಿಯಿದ್ದು ಕೆಳಗೆ ಮನೆಗಳಿದ್ದರೆ 200 ಮೀಟರ್ ಸಾಲದು ಎಂಬುದನ್ನು ಲೆವಿಗಾಜಾ ತೋರಿಸಿದೆ. ನಿರಾಕ್ಷೇಪಣಾ ಪತ್ರ ಕೇಳಿ ಬಂದ ಪ್ರತಿಯೊಂದು ಪ್ರಸ್ತಾವದಲ್ಲಿಯೂ ಮಣ್ಣು ಪರೀಕ್ಷೆಯ ವರದಿ, ಗರಿಷ್ಠ ಎತ್ತರ, ಇಳಿಜಾರಿನ ಪ್ರಮಾಣ ಮತ್ತು ಒಳಗೆ ನೀರು ನಿಂತ ಸ್ಥಿತಿಯ ಸುರಕ್ಷತಾ ಗುಣಾಂಕ ಇವೆಯೇ ಎಂದು ಕೇಳತಕ್ಕದ್ದು. ಒಣ ಸ್ಥಿತಿಯ ಗುಣಾಂಕವನ್ನು ಮಾತ್ರ ಕೊಟ್ಟ ವರದಿ ಅಪೂರ್ಣ.

ಸುರಿಯುವ ಅವಧಿಯಲ್ಲಿ: ಕಸವನ್ನು ಅಂಚಿನಿಂದ ಕೆಳಕ್ಕೆ ತಳ್ಳದೆ, ತೆಳು ಪದರಗಳಾಗಿ ಹರಡಿ ಒತ್ತಬೇಕು. ಅದೇ ನಿಯಮಗಳು ನಿತ್ಯ ಕನಿಷ್ಠ 10 ಸೆಂಟಿಮೀಟರ್ ಮಣ್ಣಿನ ಹೊದಿಕೆಯನ್ನೂ, ಮಳೆಗಾಲದ ಮುನ್ನ 40ರಿಂದ 65 ಸೆಂಟಿಮೀಟರ್ ದಪ್ಪದ ಹೊದಿಕೆಯನ್ನೂ ಸೂಚಿಸಿದ್ದವು. ರಾಶಿಯ ಸುತ್ತ ಚರಂಡಿ ತೋಡಿ ಹೊರಗಿನ ಮಳೆನೀರು ಒಳಬರದಂತೆ ತಡೆಯಬೇಕು. ಗಾತ್ರ ಕಡಿಮೆಯಾಗಲೆಂದು ಕಸಕ್ಕೆ ಬೆಂಕಿಯಿಡುವುದು ವಾಯುಮಾಲಿನ್ಯ ಮಾತ್ರವಲ್ಲ, ರಾಶಿಯ ಹಿಡಿತವನ್ನು ಸುಡುವ ಕೃತ್ಯ.

ಹಳೆಯ ರಾಶಿಯನ್ನು ತೆಗೆಯುವಾಗ: ಮೇಲಿನಿಂದ ಕೆಳಕ್ಕೆ, ಮೆಟ್ಟಿಲು ಮೆಟ್ಟಿಲಾಗಿ ತೆಗೆಯಬೇಕು. ಬುಡವನ್ನು ಅಗೆದರೆ ಇಡೀ ಇಳಿಜಾರಿನ ಆಸರೆ ಹೋಗುತ್ತದೆ. ರಸ್ತೆ ಅಗಲಿಸಲೆಂದು ಅಥವಾ ಗೊಬ್ಬರದ ಮಣ್ಣಿಗೆಂದು ಬುಡದಲ್ಲಿ ಅಗೆಯುವುದನ್ನು ಯಾವ ಕಾರಣಕ್ಕೂ ಅನುಮತಿಸಬಾರದು.

ಮುಚ್ಚಿದ ನಂತರ: ಹಳೆಯ ಕಸದ ಜಾಗ ಸಮತಟ್ಟಾಗಿ, ಹುಲ್ಲು ಬೆಳೆದು, ಸರ್ಕಾರಿ ಜಾಗವೆಂದು ಪಹಣಿಯಲ್ಲಿ ಕಂಡಾಗ, ಅಲ್ಲಿ ನಿವೇಶನ ಹಂಚುವ, ಅಂಗನವಾಡಿ ಅಥವಾ ಸಮುದಾಯ ಭವನ ಕಟ್ಟುವ ಬೇಡಿಕೆ ಬರುತ್ತದೆ. ಮನೆಯಿಲ್ಲದವರ ಒತ್ತಾಯ ನ್ಯಾಯವಾದುದೇ. ಆದರೆ ಕುಗ್ಗುತ್ತಿರುವ ನೆಲದ ಮೇಲೆ ಪಾಯ ನಿಲ್ಲದು. ಅಲ್ಲದೆ ಕೊಳೆಯುವ ಕಸದಿಂದ ಹೊರಬರುವ ಅನಿಲದಲ್ಲಿ ಸುಮಾರು ಅರ್ಧ ಭಾಗ ಮೀಥೇನ್. ಅದು ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಬೆರೆತಾಗ ಒಂದು ಕಿಡಿಗೆ ಸ್ಫೋಟಗೊಳ್ಳಬಲ್ಲದು, ಮುಚ್ಚಿದ ಕೋಣೆಯ ನೆಲದ ಬಿರುಕಿನಿಂದ ಒಳಸೇರಬಲ್ಲದು. 2016ರ ನಿಯಮಗಳು ಮುಚ್ಚಿದ ನಂತರ 15 ವರ್ಷಗಳ ನಿಗಾವನ್ನು ವಿಧಿಸಿದ್ದವು. ಅನಿಲ, ಲೀಚೇಟ್ ಹಾಗೂ ನೆಲದ ಸ್ಥಿರತೆ ಖಚಿತವಾದ ಮೇಲಷ್ಟೇ ವಸತಿಯ ವಿಚಾರವನ್ನು ಪರಿಗಣಿಸಬಹುದೆಂದಿದ್ದವು. ಅಲ್ಲಿಯವರೆಗೆ ಅಂಥ ಜಾಗಕ್ಕೆ ಹುಲ್ಲುಗಾವಲಿನ ಹೊದಿಕೆಯೇ ತಕ್ಕ ಉಪಯೋಗ. ದನಗಳನ್ನು ಮಾತ್ರ ಅಲ್ಲಿ ಮೇಯಲು ಬಿಡಬಾರದು.

ಇವೆಲ್ಲಕ್ಕಿಂತ ಮೊದಲಿನ ಉಪಾಯ ಪಂಚಾಯತಿಯ ಕೈಯಲ್ಲಿಯೇ ಇದೆ. ಮನೆಯಲ್ಲಿಯೇ ಹಸಿ ಕಸ ಬೇರೆಯಾಗಿ ಗೊಬ್ಬರವಾದರೆ, ಒಣ ಕಸ ಸ್ವಚ್ಛ ಸಂಕೀರ್ಣದಲ್ಲಿ ವಿಂಗಡಣೆಯಾದರೆ, ರಾಶಿಗೆ ಹೋಗುವುದು ಅಲ್ಪ. ಕೊಳೆಯುವ ಪದಾರ್ಥವಿಲ್ಲದ ಚಿಕ್ಕ ರಾಶಿ ಕುಗ್ಗುವುದೂ ಕಡಿಮೆ, ರಸ ಬಿಡುವುದೂ ಕಡಿಮೆ, ಜಾರುವ ಸಂಭವವೂ ಕಡಿಮೆ.

9. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1) ಪಂಚಾಯತಿಯ ವ್ಯಾಪ್ತಿಯಲ್ಲಿ ಬಳಕೆಯಲ್ಲಿರುವ ಹಾಗೂ ಕೈಬಿಟ್ಟ ಕಸದ ರಾಶಿಗಳೆಷ್ಟು? ಪ್ರತಿಯೊಂದರ ಎತ್ತರ ಹಾಗೂ ಇಳಿಜಾರನ್ನು ಅಳೆಯಲಾಗಿದೆಯೇ?
2) ರಾಶಿ ಜಾರಿದರೆ ಅದು ಯಾವ ದಿಕ್ಕಿಗೆ ಹರಿಯುತ್ತದೆ? ಆ ದಿಕ್ಕಿನಲ್ಲಿ ಮನೆ, ಶಾಲೆ, ರಸ್ತೆ, ಹಳ್ಳ ಯಾವುದಿದೆ?
3) ನೆತ್ತಿಯಲ್ಲಿ ನೀರು ನಿಲ್ಲುವ ತಗ್ಗುಗಳಿವೆಯೇ? ಮುಂಗಾರಿಗೆ ಮುನ್ನ ಅವನ್ನು ತುಂಬುವ ಹೊಣೆ ಯಾರದು?
4) ಬಿರುಕು ಅಳೆಯುವ ಗೂಟಗಳೂ ದಾಖಲೆ ಪುಸ್ತಕವೂ ಇವೆಯೇ? ಕೊನೆಯ ಅಳತೆ ಯಾವ ದಿನದ್ದು?
5) ಮಳೆಗಾಲದ ರಾತ್ರಿ ರಾಶಿಯ ಬುಡದಲ್ಲಿ ಮಲಗುವ ಕುಟುಂಬಗಳು ಇವೆಯೇ? ಅವರಿಗೆ ಬೇರೆ ಜಾಗ ಎಲ್ಲಿ?

ಐದನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದ ಪಂಚಾಯತಿಗಳು ಉಳಿದ ನಾಲ್ಕರ ಉತ್ತರಕ್ಕಾಗಿ ಕಾಯದೆ, ಆ ಕುಟುಂಬಗಳ ಸ್ಥಳಾಂತರವನ್ನೇ ಸಭೆಯ ಮೊದಲ ನಿರ್ಣಯವನ್ನಾಗಿ ಕೈಗೊಳ್ಳತಕ್ಕದ್ದು.